ಟ್ಯಾಬ್‌ನಲ್ಲಿ ಶುರು, ಕಂಪ್ಯೂಟರ್‌ನಲ್ಲಿ ಮುಕ್ತಾಯ: ಕನ್ನಡ ಬರೆಯಲು ಯಾವ ವರ್ಡ್ ಪ್ರೊಸೆಸರ್?

ಬಸ್ಸಿನಲ್ಲಿ ಕೂತು ಟ್ಯಾಬ್‌ನಲ್ಲಿ ಎರಡು ಪ್ಯಾರಾ ಬರೆಯುವುದು, ರಾತ್ರಿ ಮನೆಯ ಕಂಪ್ಯೂಟರ್‌ನಲ್ಲಿ ಅದನ್ನೇ ಮುಂದುವರಿಸುವುದು ಈಗ ಬಹಳ ಜನರ ರೂಢಿ. ಕತೆ ಬರೆಯುವವರು, ಪಾಠದ ಟಿಪ್ಪಣಿ ಮಾಡುವ ಮೇಷ್ಟ್ರು, ಸಂಘದ ವರದಿ ಬರೆಯುವ ಕಾರ್ಯದರ್ಶಿ, ಎಲ್ಲರೂ ಕೇಳುವುದು ಒಂದೇ: ‘ಯಾವ ಆ್ಯಪ್ ಹಾಕ್ಕೊಳ್ಳಲಿ?’ ಕನ್ನಡದಲ್ಲಿ ಬರೆಯುವವರು ಅದಕ್ಕೂ ಮೊದಲು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ನಾವು ಬರೆದ ಅಕ್ಷರ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದಾಗಲೂ ಹಾಗೇ ಉಳಿಯುತ್ತದಾ? ಅದು ಗಟ್ಟಿಯಾದರೆ ಆ್ಯಪನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಮೊದಲು ಹಳೆಯ ಫೈಲ್ ನೋಡಿ

‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳು ಬಾರದಿದ್ದರೆ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫೈಲಿನ ಒಳಗಿರುವುದು ಇಂಗ್ಲಿಷ್ ಗುರುತುಗಳು, ಕಣ್ಣಿಗೆ ಕಾಣುವುದು ಕನ್ನಡ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಏನೂ ತೊಂದರೆ ಇಲ್ಲ. ಅದೇ ಫೈಲನ್ನು ಟ್ಯಾಬ್‌ನಲ್ಲಿ ತೆರೆದರೆ ‘ಕನ್ನಡ’ ಎನ್ನುವ ಪದದ ಜಾಗದಲ್ಲಿ ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಗೀಟಿನ ಎ ಕಾಣುತ್ತದೆ. ಪುಟ ತುಂಬ ಹೀಗೇ ಇದ್ದರೆ ಗಾಬರಿ ಬೇಡ. ಬರೆದದ್ದು ಹಾಳಾಗಿಲ್ಲ, ಅದನ್ನು ಯೂನಿಕೋಡ್‌ಗೆ ಬದಲಿಸಬೇಕು ಅಷ್ಟೇ.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇವತ್ತಿನ ಫೋನು, ಟ್ಯಾಬು, ಕಂಪ್ಯೂಟರು ಎಲ್ಲಕ್ಕೂ ಅರ್ಥವಾಗುವುದು ಇದೇ.

ನಿಮ್ಮ ಫೈಲ್ ಯಾವ ಬಗೆಯದು ಎಂದು ತಿಳಿಯಲು ಅದರ ಒಂದು ನಕಲು ಮಾಡಿಕೊಳ್ಳಿ. ನಕಲನ್ನು ಕಂಪ್ಯೂಟರ್‌ನಲ್ಲಿ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಪೌಂಡ್ ಚಿಹ್ನೆಗಳು ಎದ್ದು ಬಂದರೆ ಹಳೆಯ ಬಗೆ. ಬದಲಿಸುವ ಸೌಲಭ್ಯ ನುಡಿ, ಬರಹಗಳಲ್ಲೂ ಇದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು, ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿರುತ್ತದೆ. ಅವನ್ನು ಕೈಯಲ್ಲೇ ತಿದ್ದಬೇಕು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಒಂದು ಸಾಲು ಬರೆದು ಪರೀಕ್ಷೆ ಮಾಡಿ

ಯಾವ ಆ್ಯಪ್ ಹಾಕಿದರೂ ನಾನು ಮೊದಲು ಈ ಸಾಲು ಬರೆದು ನೋಡುತ್ತೇನೆ: ಸ್ತ್ರೀ, ಜ್ಞಾನ, ರಾಷ್ಟ್ರ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್.

ಇದರಲ್ಲಿ ಕೊನೆಯ ಎರಡು ಪದ ಮುಖ್ಯ. ‘ಸಾಫ್ಟ್‌ವೇರ್’ನಲ್ಲಿ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದು ಬಿದ್ದುಹೋದರೆ ವ ಒತ್ತಾಗಿ ಕೆಳಗೆ ಸೇರಿ ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಂಕ್’ನಲ್ಲೂ ಹಾಗೇ, ಗುರುತು ತಪ್ಪಿದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಈ ಗುರುತು ಹಾಕಲು ದಾರಿಯೇ ಸಿಗುವುದಿಲ್ಲ. ‘ರಾಷ್ಟ್ರ’ದಲ್ಲಿ ನೋಡಬೇಕಾದ್ದು ಕೆಳಗಿನ ಎರಡು ಒತ್ತು. ಸಾಲಿನ ಅಂತರ ತೀರಾ ಕಡಿಮೆ ಇದ್ದರೆ ಅವು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತವೆ. ಅಂತರವನ್ನು ಒಂದೂವರೆಗೆ ಏರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಈಗ ಈ ಸಾಲನ್ನು ಟ್ಯಾಬ್‌ನಲ್ಲಿ ಸೇವ್ ಮಾಡಿ, ಕಂಪ್ಯೂಟರ್‌ನಲ್ಲಿ ತೆರೆದು, ಒಂದು ಪದ ಸೇರಿಸಿ, ಮತ್ತೆ ಟ್ಯಾಬ್‌ನಲ್ಲಿ ನೋಡಿ. ಹೋಗಿ ಬಂದ ಮೇಲೂ ಸಾಲು ಹಾಗೇ ಇದ್ದರೆ ಆ ಆ್ಯಪನ್ನು ನಂಬಬಹುದು. ಫಾಂಟ್ ಬೇರೆಯಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್‌ನಲ್ಲಿ ನಿರ್ಮಲಾ, ಐಪ್ಯಾಡ್‌ನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ನೋಟೋ ಹೀಗೆ ಒಂದೊಂದರಲ್ಲಿ ಒಂದೊಂದು ಇರುತ್ತದೆ. ಪುಟದ ಲೆಕ್ಕ ಹೆಚ್ಚುಕಮ್ಮಿ ಆಗಬಹುದು, ಅಕ್ಷರ ಬದಲಾಗುವುದಿಲ್ಲ.

ಇನ್ನು ಆಯ್ಕೆ

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಗೂಗಲ್ ಡಾಕ್ಸ್. ದುಡ್ಡಿಲ್ಲ, ಟ್ಯಾಬ್ ಯಾವುದಾದರೂ ನಡೆಯುತ್ತದೆ, ಬರೆದಂತೆ ತಾನಾಗಿ ಸೇವ್ ಆಗುತ್ತದೆ. ಇಮೇಲು, ಫೋಟೊ ಎಲ್ಲ ಸೇರಿ 15 ಜಿಬಿ ಜಾಗ ಉಚಿತ. ಬರೀ ಅಕ್ಷರವಾದರೆ ಅದು ಜೀವಮಾನಕ್ಕೆ ಸಾಕು. ಫೈಲಿನ ಹಳೆಯ ರೂಪಗಳು ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತವೆ, ನಿನ್ನೆ ಅಳಿಸಿದ ಪ್ಯಾರಾ ಇವತ್ತು ವಾಪಸ್ ತರಬಹುದು. ಕಂಪ್ಯೂಟರ್‌ನಲ್ಲಿ ಕ್ರೋಮ್ ಮೂಲಕ ತೆರೆದರೆ ಕನ್ನಡದಲ್ಲಿ ಮಾತಾಡಿ ಬರೆಸಲೂಬಹುದು. ಪೂರ್ಣವಿರಾಮ, ಅಲ್ಪವಿರಾಮ ಮಾತ್ರ ನಾವೇ ಹಾಕಬೇಕು. ಇದರ ದೊಡ್ಡ ಕೊರತೆ ನೆಟ್. ಅದಕ್ಕೆ ಆಮೇಲೆ ಬರುತ್ತೇನೆ.

ಮೈಕ್ರೋಸಾಫ್ಟ್ ವರ್ಡ್ ದೊಡ್ಡ ಪುಸ್ತಕಕ್ಕೆ, ಅಡಿಟಿಪ್ಪಣಿ, ಪರಿವಿಡಿ ಬೇಕಾದ ಪ್ರಬಂಧಕ್ಕೆ ಒಳ್ಳೆಯದು. ಆದರೆ ಟ್ಯಾಬ್ ಕೊಳ್ಳುವ ಮುಂಚೆ ಒಂದು ಅಳತೆ ನೆನಪಿಡಿ. 10.1 ಇಂಚಿನವರೆಗಿನ ಪರದೆಯಲ್ಲಿ ವರ್ಡ್ ಆ್ಯಪ್‌ನಲ್ಲಿ ತಿದ್ದುವ ಮೂಲ ಕೆಲಸ ಉಚಿತ. ಅದಕ್ಕಿಂತ ದೊಡ್ಡ ಪರದೆಯಾದರೆ ಮೈಕ್ರೋಸಾಫ್ಟ್ 365ರ ಚಂದಾ ಕಟ್ಟಬೇಕು, ಇಲ್ಲದಿದ್ದರೆ ಸುಮ್ನೆ ಓದಬಹುದು ಅಷ್ಟೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಟ್ಯಾಬ್‌ಗಳು 11 ಇಂಚಿನವು. ‘ವರ್ಡ್ ಬರುತ್ತೆ ಸರ್’ ಎಂದು ಅಂಗಡಿಯವರು ಹೇಳಿದರೆ ಪರದೆಯ ಅಳತೆಯನ್ನೂ ಕೇಳಿ.

ಲಿಬ್ರೆ ಆಫೀಸ್ ಪೂರ್ತಿ ಉಚಿತ, ಕಂಪ್ಯೂಟರ್‌ನಲ್ಲಿ ನನಗೆ ತುಂಬ ಇಷ್ಟ. ಅದರ ಆಪ್ಷನ್ಸ್‌ನಲ್ಲಿ ಭಾಷೆಯ ಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡ ಆರಿಸಬೇಕು. ಇದನ್ನು ಬಿಟ್ಟರೆ ನೀವು ಅಕ್ಷರದ ಗಾತ್ರ 14 ಎಂದು ಇಟ್ಟರೂ ಕನ್ನಡ 12ರಲ್ಲೇ ನಿಂತು ತಲೆನೋವು ಕೊಡಬಹುದು. ಟ್ಯಾಬ್‌ನಲ್ಲಿ ಬೇಕೆಂದರೆ ಅದೇ ಬುನಾದಿಯ ಮೇಲೆ ಕಟ್ಟಿದ ಕೊಲಾಬೊರಾ ಆಫೀಸ್ ಇದೆ. ಐಪ್ಯಾಡ್, ಮ್ಯಾಕ್ ಎರಡೂ ಇರುವವರಿಗೆ ಆ್ಯಪಲ್‌ನ ಪೇಜಸ್ ಸಾಕು.

ಫೈಲ್ ಯಾವುದರಲ್ಲಿ ಬರೆದರೂ ಕೊನೆಗೆ ಡಾಕ್‌ಎಕ್ಸ್ (.docx) ರೂಪದಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಮೇಲಿನ ಎಲ್ಲ ಆ್ಯಪ್‌ಗಳೂ ಅದನ್ನು ತೆರೆಯುತ್ತವೆ.

ಬೆರಳಿಗೆ ರೂಢಿಯಾದ ಕೀಬೋರ್ಡ್

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತವರ ಬೆರಳು ಎಫ್ ಒತ್ತಿ ಒತ್ತಕ್ಷರ ಮಾಡುತ್ತದೆ. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಅಂಥವರಿಗೆ ಟ್ಯಾಬ್‌ನ ಜಿಬೋರ್ಡ್ ಎಂಬ ಗೂಗಲ್ ಕೀಬೋರ್ಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವ ರೀತಿ ಒಗ್ಗುವುದು ಕಷ್ಟ. ಎರಡು ಕಡೆ ಎರಡು ರೀತಿ ಕಲಿತರೆ ಬರೆಯುವ ಓಟ ನಿಲ್ಲುತ್ತದೆ. ಟ್ಯಾಬ್‌ಗೆ ಬ್ಲೂಟೂತ್ ಕೀಬೋರ್ಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಜೋಡಿಸಿ ಕನ್ನಡ ಟೈಪ್ ಮಾಡಿ ನೋಡಿ. ಪರದೆಯ ಮೇಲಿನ ಕೀಲಿಯಲ್ಲಿ ಬಂದ ಕನ್ನಡ ಹೊರಗಿನ ಕೀಲಿಯಲ್ಲೂ ಬಂದೇ ಬರುತ್ತದೆ ಎಂದುಕೊಳ್ಳಬೇಡಿ.

ನೆಟ್ ಇಲ್ಲದ ಜಾಗ

ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಒಮ್ಮೆ ಅಲ್ಲಿ ಟ್ಯಾಬ್ ತೆಗೆದೆ. ಹಿಂದಿನ ರಾತ್ರಿ ಬರೆದ ಲೇಖನ ತೆರೆಯಲೇ ಇಲ್ಲ. ಸಿಗ್ನಲ್ ಇಲ್ಲ, ಫೈಲ್ ಟ್ಯಾಬ್‌ಗೆ ಇಳಿದಿರಲಿಲ್ಲ. ನೆನಪಿನಿಂದ ಹೊಸ ಫೈಲ್ ಮಾಡಿ, ಮಳೆಯಲ್ಲಿ ನೆನೆದ ಘಟ್ಟ ನೋಡುತ್ತಾ ನಾಲ್ಕು ಪ್ಯಾರಾ ಬರೆದೆ. ಊರು ತಲುಪಿದ ಮೇಲೆ ಒಂದೇ ಹೆಸರಿನ ಎರಡು ಫೈಲ್ ಕಂಡವು. ಅವಸರದಲ್ಲಿ ಹೊಸದನ್ನೇ ಅಳಿಸಿದೆ. ಆ ನಾಲ್ಕು ಪ್ಯಾರಾ ಮತ್ತೆ ಅದೇ ರೀತಿ ಬರಲಿಲ್ಲ, ಇವತ್ತಿಗೂ ಬೇಜಾರಿದೆ.

ಆವತ್ತಿನಿಂದ ನನ್ನ ಕ್ರಮ ಹೀಗಿದೆ. ಹೊರಡುವ ಹಿಂದಿನ ದಿನವೇ ಬೇಕಾದ ಫೈಲಿಗೆ ‘ಆಫ್‌ಲೈನ್’ ಗುರುತು ಹಾಕುತ್ತೇನೆ. ಟ್ಯಾಬನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫೈಲ್ ತೆರೆದು, ಒಂದು ಪದ ಬರೆದು ನೋಡುತ್ತೇನೆ. ಬಂದರೆ ಸರಿ. ಕಂಪ್ಯೂಟರ್‌ನಲ್ಲಿ ಅದೇ ಫೈಲನ್ನು ಮುಚ್ಚಿಯೇ ಹೊರಡುತ್ತೇನೆ. ಮನೆಗೆ ಬಂದಾಗ ಮೊದಲು ಟ್ಯಾಬ್‌ಗೆ ವೈಫೈ ಕೊಟ್ಟು, ಬರೆದದ್ದೆಲ್ಲ ಆನ್‌ಲೈನ್‌ಗೆ ಹೋಗುವವರೆಗೆ ಕಾದು, ಆಮೇಲೇ ಕಂಪ್ಯೂಟರ್ ಮುಟ್ಟುತ್ತೇನೆ. ದಾರಿಯಲ್ಲಿ ಹೊಸ ಫೈಲ್ ಮಾಡಲೇಬೇಕಾದರೆ ಅದರ ಹೆಸರಲ್ಲಿ ತಾರೀಕು, ಊರು ಇರುತ್ತದೆ.

ಮುದ್ರಣಕ್ಕೆ ಕೊಡುವಾಗ

ಪುಟ ಕಟ್ಟುವ ಕೆಲವು ಕಡೆ ಈಗಲೂ ‘ನುಡಿಯಲ್ಲಿ ಕಳಿಸಿ’ ಎನ್ನುತ್ತಾರೆ. ಅವರ ಹಳೆಯ ಸಾಫ್ಟ್‌ವೇರ್‌ಗೆ ಅದೇ ಬೇಕು. ಯೂನಿಕೋಡ್ ಪ್ರತಿ ನಿಮ್ಮಲ್ಲಿಟ್ಟುಕೊಂಡು, ಅದರ ನಕಲನ್ನು ಪರಿವರ್ತಿಸಿ ಕಳಿಸಿ. ಜೊತೆಗೆ ಒಂದು ಪಿಡಿಎಫ್ ಕೂಡ ಇರಲಿ. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರ ಹಿಂದುಮುಂದಾಗುವುದು ಜಾಸ್ತಿ, ಆದ್ದರಿಂದ ಅದು ನೋಡಲಿಕ್ಕೆ ಮಾತ್ರ ಎಂದು ಬರೆದು ಕಳಿಸಿ. ಕರಡು ತಿದ್ದುವವರು ‘ರ‍್ಯಾಂಕ್’ ನೀವು ಹೇಗೆ ಬರೆದಿದ್ದಿರಿ ಎಂದು ಅದರಲ್ಲಿ ನೋಡಿಕೊಳ್ಳುತ್ತಾರೆ.