ಒಬ್ಬರು ಬಾರದ ದಿನವೂ ನಡೆಯಬೇಕು: ಕಾಲೇಜು ಬ್ಯಾಂಡ್ ಉಳಿಸಿಕೊಳ್ಳುವ ಬಗ್ಗೆ ನನ್ನ ಅನುಭವ

ಮೈಸೂರಿನ ಕಾಲೇಜೊಂದರಲ್ಲಿ ಐದು ಜನರ ಬ್ಯಾಂಡ್ ಇದೆ, ಪ್ರತಿಯೊಬ್ಬರೂ ಹತ್ತರಲ್ಲಿ ಒಂಬತ್ತು ಸಲ ಪ್ರಾಕ್ಟೀಸ್‌ಗೆ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಕಾಲೇಜು ಮಕ್ಕಳಲ್ಲಿ ಅದು ತುಂಬ ಒಳ್ಳೆಯ ಹಾಜರಿ. ಆದರೂ ಐವರೂ ಒಟ್ಟಿಗೆ ಸೇರುವುದು ನೂರಕ್ಕೆ 59 ಸಲ ಮಾತ್ರ, 0.9 ಅನ್ನು ಐದು ಸಲ ಗುಣಿಸಿದರೆ ಅಷ್ಟೇ ಬರುತ್ತದೆ. ಏಳು ಜನರಾದರೆ 48ಕ್ಕೆ ಇಳಿಯುತ್ತದೆ. ಅಂದರೆ ಯಾರೂ ಸೋಮಾರಿಯಲ್ಲದಿದ್ದರೂ ಹೆಚ್ಚುಕಡಿಮೆ ಎರಡು ವಾರಕ್ಕೊಂದು ಸಲ ಒಂದು ಕುರ್ಚಿ ಖಾಲಿ ಇರುತ್ತದೆ. "ಲೋ, ಇವತ್ತು ಆಗಲ್ಲ ಕಣೋ, ನಾಳೆ ಲ್ಯಾಬ್ ಇಂಟರ್ನಲ್ಸ್" ಅಂತ ಮಧ್ಯಾಹ್ನ ಮೂರಕ್ಕೆ ಮೆಸೇಜ್ ಬರುತ್ತದೆ, ಉಳಿದ ನಾಲ್ವರು ಸಂಜೆ ಏನೂ ನುಡಿಸದೆ ಎದ್ದು ಹೋಗುತ್ತಾರೆ, ಮುಂದಿನ ವಾರ ಇನ್ನೊಬ್ಬರು ತಾವೇ ತಪ್ಪಿಸಿಕೊಳ್ಳುತ್ತಾರೆ. ಬ್ಯಾಂಡ್ ಒಡೆದ ಮೇಲೆ ಜನ ಈಗೋ ಅನ್ನುತ್ತಾರೆ, ಜಗಳ ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ಒಡೆಯುವುದು ಈ ಲೆಕ್ಕದಿಂದ. ಜಗಳ ಆಮೇಲೆ ಬರುತ್ತದೆ.

ಹಾಗಾಗಿ ಎಲ್ಲರೂ ಬರಲೇಬೇಕು ಅಂತ ನಿಯಮ ಮಾಡುವುದರಲ್ಲಿ ಅರ್ಥವಿಲ್ಲ. ಒಬ್ಬರು ಇಲ್ಲದಿದ್ದರೂ ಹಾಡು ನಿಲ್ಲದ ಹಾಗೆ ಮೊದಲಿನಿಂದಲೇ ಕಟ್ಟಬೇಕು. ಇದಕ್ಕೆ ನಾವು ಇಟ್ಟುಕೊಂಡಿರುವುದು ಒಂದು 200 ಪುಟದ ಲಾಂಗ್ ನೋಟ್‌ಬುಕ್. ಒಂದು ಹಾಡಿಗೆ ಎದುರುಬದುರು ಎರಡು ಪುಟ. ಎಡಗಡೆ ಎಲ್ಲರೂ ಇರುವ ದಿನದ ರೂಪ, ಬಲಗಡೆ ಯಾರಾದರೂ ಇಲ್ಲದ ದಿನದ ರೂಪ.

ಒಂದು ಜಾನಪದ ಮಟ್ಟಿನ ಹಾಡಿನ ಪುಟ ಹೀಗಿದೆ. ಮೇಲೆ: ಶ್ರುತಿ ಡಿ, ವೇಗ 96 (ನಿಮಿಷಕ್ಕೆ ಅಷ್ಟು ಎಣಿಕೆ), ನಾಲ್ಕೆಣಿಕೆ. ಕೆಳಗೆ: ಮೊದಲ 4 ಸುತ್ತು ಗಿಟಾರ್ (ಸುತ್ತು ಅಂದರೆ ನಾಲ್ಕು ಎಣಿಕೆ), ಅದರ 3ನೇ ಸುತ್ತಿಗೆ ತಮಟೆ ಸೇರುತ್ತದೆ, ಪಲ್ಲವಿ ಎರಡು ಸಲ, ಎರಡನೆಯದಕ್ಕೆ ಬೇಸ್, ನಡುವೆ ಕೊಳಲು 8 ಸುತ್ತು, ಕೊನೆಯ ಎರಡು ಸುತ್ತಿನಲ್ಲಿ ಡ್ರಮ್ಸ್ ನಿಲ್ಲಬೇಕು, ಚರಣ ಮುಗಿದ ಮೇಲೆ ಒಂದು ಸುತ್ತು ಪೂರ್ತಿ ಮೌನ, ಹಾಡುಗಾರ ತಲೆಯಾಡಿಸಿದ್ದನ್ನು ನೋಡಿ ಪಲ್ಲವಿಗೆ ವಾಪಸ್, ಮುಕ್ತಾಯ ಮೂರು ಸಲ, ಮೂರನೆಯದು ನಿಧಾನ. ಬಲಪುಟದಲ್ಲಿ: ಬೇಸ್ ಇಲ್ಲದಿದ್ದರೆ ಕೀಬೋರ್ಡ್ ಅನ್ನು ಸ್ಪ್ಲಿಟ್ ಮಾಡಿ (ಎಡಬಲಕ್ಕೆ ಬೇರೆ ಬೇರೆ ದನಿ ಇಟ್ಟು) ಎಡಗೈಯಲ್ಲಿ ಬೇಸ್. ಡ್ರಮ್ಸ್ ಇಲ್ಲದಿದ್ದರೆ ರಿದಂ ಪ್ಯಾಡ್ ಬೇಡ, ತಮಟೆ ಒಂದೇ, ವೇಗ 90ಕ್ಕೆ ಇಳಿಸಿ. ಹುಡುಗನ ಬದಲು ಹುಡುಗಿ ಹಾಡಿದರೆ ಶ್ರುತಿ ಜಿ: ಗಿಟಾರಿಗೆ ಐದನೇ ಫ್ರೆಟ್‌ನಲ್ಲಿ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಬೆರಳು ಅದೇ ಡಿ ಆಕಾರದಲ್ಲಿ; ಕೀಬೋರ್ಡಿನಲ್ಲಿ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಪ್ಲಸ್ 5; ಕೊಳಲು ಬೇರೆ ತೆಗೆದುಕೊಳ್ಳಬೇಕು. ಕೊನೆಗೆ ಕೆಂಪಕ್ಷರದಲ್ಲಿ, ಟ್ರಾನ್ಸ್‌ಪೋಸ್ ಸೊನ್ನೆಗೆ ತರುವುದು. ಕೀಬೋರ್ಡಿನವರು ಮರೆಯುವುದು ಇದೊಂದನ್ನೇ, ಮುಂದಿನ ಹಾಡು ಶುರುವಾದ ಕೂಡಲೇ ಕೆಡುತ್ತದೆ.

ಇಷ್ಟು ಬರೆದಿಟ್ಟರೆ ಹೊಸಬರು ಬಂದರೂ ಒಂದೇ ಸಂಜೆಯಲ್ಲಿ ಹಾಡಿನ ಅಸ್ಥಿಪಂಜರ ಸಿಗುತ್ತದೆ. ಮೊಬೈಲ್‌ನಲ್ಲಿ ಫೋಟೋ ಇರಲಿ, ಆದರೆ ಮೂಲ ಪುಸ್ತಕದಲ್ಲೇ ತಿದ್ದಿ. ಗ್ರೂಪಿನಲ್ಲಿ ಮೂರು ಬೇರೆ ಬೇರೆ ಫೋಟೋ ಓಡಾಡಿದರೆ ಮೂವರು ಮೂರು ಕಡೆ ನಿಲ್ಲಿಸುತ್ತಾರೆ.

ಇನ್ನು ಕ್ಯಾಲೆಂಡರ್. ಸೆಮಿಸ್ಟರ್ ಅಂದರೆ ಸುಮಾರು 16 ವಾರ. ಇಂಟರ್ನಲ್ಸ್ ವಾರಗಳು, ಅವುಗಳ ಹಿಂದಿನ ವಾರ, ಲ್ಯಾಬ್ ಪರೀಕ್ಷೆ, ರೆಕಾರ್ಡ್ ಸಬ್‌ಮಿಷನ್ ಕಳೆಯಿರಿ. ಗೌರಿ ಗಣೇಶಕ್ಕೆ ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರು ಊರಿಗೆ ಹೋಗುತ್ತಾರೆ. ಅದು ಮುಗಿಯುವಷ್ಟರಲ್ಲಿ ದಸರೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಯುವ ಸಂಭ್ರಮಕ್ಕೆ ಕಾಲೇಜಿನ ನೃತ್ಯ ತಂಡದವರು ನಿಮ್ಮ ಡ್ರಮ್ಮರ್‌ನನ್ನೇ ಕರೆದುಕೊಂಡು ಹೋಗುತ್ತಾರೆ. ಉಳಿಯುವುದು ಒಂಬತ್ತೋ ಹತ್ತೋ ವಾರ. ವಾರಕ್ಕೆ ಎರಡು ಗಂಟೆಯಂತೆ ಇಪ್ಪತ್ತು ಗಂಟೆ. ಅಷ್ಟರಲ್ಲಿ ಗಟ್ಟಿಯಾಗುವುದು ನಾಲ್ಕು ಹಾಡು. ಹನ್ನೆರಡು ಹಾಡಿನ ಪಟ್ಟಿ ಮಾಡಿಕೊಂಡವರು ಹನ್ನೆರಡನ್ನೂ ಅರ್ಧಂಬರ್ಧ ಕಲಿಯುತ್ತಾರೆ.

ಪ್ರಾಕ್ಟೀಸ್ ಮುಗಿಯುವ ಹೊತ್ತನ್ನು ಹಾಡಿನ ಮೇಲೆ ನಿರ್ಧರಿಸಬೇಡಿ. ಹಾಸ್ಟೆಲ್ ಗೇಟ್ ಮುಚ್ಚುವ ಹೊತ್ತು, ಮಂಡ್ಯದ ಕಡೆ ಟ್ರೈನ್ ಹೊರಡುವ ಹೊತ್ತು, ಇವೆರಡರಲ್ಲಿ ಯಾವುದು ಮುಂಚೆಯೋ ಅದಕ್ಕಿಂತ 40 ನಿಮಿಷ ಮೊದಲು ಎಲ್ಲ ಕಟ್ಟಿಡಬೇಕು. ಸರಸ್ವತಿಪುರಂ ಅಥವಾ ಕುವೆಂಪುನಗರದಿಂದ ಸಂಜೆಯ ಟ್ರಾಫಿಕ್‌ನಲ್ಲಿ ಸ್ಟೇಷನ್ ಮುಟ್ಟುವುದಕ್ಕೆ ಅಷ್ಟು ಬೇಕು. "ಇನ್ನೊಂದೇ ಸಲ ನುಡಿಸೋಣ" ಅಂದು ಒಬ್ಬಳನ್ನು ಎರಡು ಸಲ ವಾರ್ಡನ್ ಎದುರು ನಿಲ್ಲಿಸಿದರೆ ಮೂರನೇ ಸಲ ಮನೆಯವರು ಅವಳನ್ನು ಕಳಿಸುವುದಿಲ್ಲ. ಅವರನ್ನು ದೂರುವ ಹಾಗಿಲ್ಲ. ಅಟೆಂಡೆನ್ಸ್ ಕೂಡ ಹಾಗೆಯೇ: ವಿಟಿಯು ಕಾಲೇಜುಗಳಲ್ಲಿ 85 ಶೇಕಡ ಬೇಕು, ಶಾರ್ಟೇಜ್ ಬಂದವರು ಬ್ಯಾಂಡನ್ನೇ ಕೈಬಿಡಬೇಕಾಗುತ್ತದೆ. ಕ್ಲಾಸ್ ಬಂಕ್ ಮಾಡಿಸಿ ಪ್ರಾಕ್ಟೀಸ್ ಬೇಡ.

ಆ ಎರಡು ಗಂಟೆಯನ್ನು ಹೇಗೆ ಖರ್ಚು ಮಾಡುತ್ತೇವೆ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಎಲ್ಲರೂ ಹಾಡನ್ನು ಮೊದಲಿನಿಂದ ಶುರು ಮಾಡುತ್ತಾರೆ, ತಪ್ಪಿದಲ್ಲಿ ನಿಲ್ಲಿಸುತ್ತಾರೆ, ಮತ್ತೆ ಮೊದಲಿನಿಂದ. ಹೀಗಾದರೆ ಪೀಠಿಕೆ ಇಪ್ಪತ್ತು ಸಲ ಆಗುತ್ತದೆ, ಮುಕ್ತಾಯ ಎರಡು ಸಲ. ವೇದಿಕೆ ಮೇಲೆ ಆರಂಭ ಚೆನ್ನಾಗಿದ್ದು ಕೊನೆ ಚದುರಿಹೋಗುವುದಕ್ಕೆ ಇದೇ ಕಾರಣ. ನಾವು ಕೊನೆಯಿಂದ ಹಿಂದಕ್ಕೆ ಬರುತ್ತೇವೆ: ಮೊದಲು ಮುಕ್ತಾಯ, ಆಮೇಲೆ ಕೊನೆಯ ಚರಣದಿಂದ ಮುಕ್ತಾಯದವರೆಗೆ, ಆಮೇಲೆ ಅದರ ಹಿಂದಿನ ಕೊಳಲಿನ ಭಾಗದಿಂದ. ತಪ್ಪಾಗುವುದು ಹೆಚ್ಚಾಗಿ ಕೂಡುವ ಜಾಗಗಳಲ್ಲಿ. ಪಲ್ಲವಿಯಿಂದ ಚರಣಕ್ಕೆ ಹೋಗುವ ಎರಡೇ ಎರಡು ಸುತ್ತನ್ನು ಹತ್ತು ಸಲ ನುಡಿಸಿ, ಪೂರ್ತಿ ಹಾಡನ್ನು ಒಂದೇ ಸಲ ನುಡಿಸಿದರೂ ಸಾಕು.

ವೇಗ ಓಡುವುದು ಡ್ರಮ್ಮರ್ ಒಬ್ಬರ ತಪ್ಪಲ್ಲ. 96ರಲ್ಲಿ ಶುರುವಾದದ್ದು ಚಪ್ಪಾಳೆ ಬಿದ್ದರೆ 108 ಮುಟ್ಟುತ್ತದೆ, ಹಾಡುಗಾರರಿಗೆ ಉಸಿರಿಗೆ ಜಾಗ ಸಿಗುವುದಿಲ್ಲ. ಮೆಟ್ರೊನೋಮ್ ಅನ್ನು 96ಕ್ಕೆ ಇಟ್ಟರೆ ಎಲ್ಲರೂ ಅದರ ಮೇಲೆ ಒರಗಿಬಿಡುತ್ತಾರೆ. ಅರ್ಧಕ್ಕೆ, ಅಂದರೆ 48ಕ್ಕೆ ಇಟ್ಟು ಅದರ ಟಕ್ ಶಬ್ದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವಂತೆ ನುಡಿಸಿ. ನಡುವಿನ ಜಾಗವನ್ನು ತಾವೇ ಹಿಡಿಯಬೇಕಾಗುತ್ತದೆ, ಕಾಲಪ್ರಮಾಣ ಒಳಗೆ ಇಳಿಯುತ್ತದೆ.

ಮೈಸೂರಿನಲ್ಲಿ ಬ್ಯಾಂಡ್ ಕಟ್ಟಿದರೆ ಒಬ್ಬರಾದರೂ ಕರ್ನಾಟಕ ಸಂಗೀತ ಕಲಿತವರು ಇರುತ್ತಾರೆ, ಅವರಿಗೂ ಗಿಟಾರಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯುವವರಿಗೂ ತಿಕ್ಕಾಟ ತಪ್ಪದು. ಇಬ್ಬರದ್ದೂ ಸರಿ. ಡಿ ಶ್ರುತಿಯಲ್ಲಿ ಮೋಹನ ರಾಗ ಹಾಡುವಾಗ ಸ್ವರಗಳು ಡಿ, ಇ, ಎಫ್ ಶಾರ್ಪ್, ಎ, ಬಿ. ಡಿ ಮೇಜರ್, ಬಿ ಮೈನರ್ ಎರಡೂ ಕೂಡುತ್ತವೆ. ಆದರೆ ಗಿಟಾರಿನವರ ಕೈ ತಾನಾಗಿ ಎ ಮೇಜರ್‌ಗೆ ಹೋಗುತ್ತದೆ. ಅದರಲ್ಲಿ ಸಿ ಶಾರ್ಪ್, ಅಂದರೆ ನಿಷಾದ ಇದೆ, ಮೋಹನದಲ್ಲಿ ಅದಿಲ್ಲ. ಅಲ್ಲಿ ಎ ಮತ್ತು ಇ ಎರಡೇ ತಂತಿ ಮೀಟಿದರೆ ಸರಿಹೋಗುತ್ತದೆ. ಹಿಂದೋಳ ಇನ್ನೂ ಸೂಕ್ಷ್ಮ. ಪಂಚಮವೇ ಇಲ್ಲದ ರಾಗ, ಡಿ ಮೈನರ್ ಹಿಡಿದರೆ ಎ, ಅಂದರೆ ಪಂಚಮ ಬಂದುಬಿಡುತ್ತದೆ, ಹಾಡುವವರ ಮುಖ ಕಿವಿಚುತ್ತದೆ. ಜಿ ಮೈನರ್ ಮತ್ತು ಬಿ ಫ್ಲಾಟ್ ಮೇಜರ್ ಎರಡರಲ್ಲೇ ಓಡಿಸಬಹುದು. ಗಮಕ ತುಂಬಿದ ಸಾಲಿನ ಕೆಳಗೆ ಕಾರ್ಡ್ ಬದಲಾಯಿಸದೆ ಒಂದನ್ನೇ ಹಿಡಿದಿಡುವುದು ಲೇಸು. ಇದನ್ನೆಲ್ಲ ಮೊದಲೇ ಪುಟದಲ್ಲಿ ಬರೆದುಕೊಂಡರೆ "ನಿನಗೆ ಶ್ರುತಿ ಜ್ಞಾನ ಇಲ್ಲ", "ನಿನಗೆ ಹಾರ್ಮನಿ ಗೊತ್ತಿಲ್ಲ" ಅನ್ನುವ ಮಾತು ಬರುವುದಿಲ್ಲ.

ತಬಲಾ ಇದ್ದರೆ ಹಾಡಿನ ಕ್ರಮವನ್ನೂ ಅದೇ ನಿರ್ಧರಿಸುತ್ತದೆ. ದಾಯಾಂ (ಬಲಗೈಯ ತಬಲಾ) ಒಂದೋ ಎರಡೋ ಸ್ವರಸ್ಥಾನ ಮೇಲೆ ಕೆಳಗೆ ಹೋಗಬಹುದು, ಅದಕ್ಕಿಂತ ಹೆಚ್ಚಿಲ್ಲ, ಅದಕ್ಕೂ ಸುತ್ತಿಗೆ ಹಿಡಿದು ಐದು ನಿಮಿಷ ಬೇಕು. ಡಿ ಹಾಡು, ಜಿ ಹಾಡು, ಮತ್ತೆ ಡಿ ಹಾಡು ಎಂದು ಪಟ್ಟಿ ಮಾಡಬೇಡಿ. ತಮಟೆಯ ಚರ್ಮ ಆಷಾಢ, ಶ್ರಾವಣದ ತೇವಕ್ಕೆ ಸಡಿಲವಾಗಿ ಡಬಡಬ ಅನ್ನುತ್ತದೆ. ಹಾಡಿಗೆ ಹದಿನೈದು ನಿಮಿಷ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಕಾಯಿಸುವುದು ಶಾಮಿಯಾನದಿಂದ ದೂರ, ಪಕ್ಕದಲ್ಲಿ ಒಂದು ಬಕೆಟ್ ನೀರು.

ಕೋಣೆಯ ಶಬ್ದದ ವಿಷಯ. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಮೈಕ್ ಇಲ್ಲದ ಕಾಲದಲ್ಲಿ ನಾದ ಸಭೆಯ ಹಿಂದಿನ ಸಾಲಿಗೂ ಮುಟ್ಟಲಿ ಎಂದು. ಹತ್ತು ಹನ್ನೆರಡು ಅಡಿ ಕೋಣೆಯಲ್ಲಿ ನಮ್ಮ ಕಷ್ಟ ಅದಕ್ಕೆ ಪೂರ್ತಿ ವಿರುದ್ಧ: ಡ್ರಮ್ಸ್ ಎಲ್ಲವನ್ನೂ ನುಂಗುತ್ತದೆ, ಗಿಟಾರ್ ತನಗೇ ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸುತ್ತದೆ, ಹಾಡುಗಾರರು ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಮೊದಲು ಹಾಡುವ ಮೈಕಿನ ವಾಲ್ಯೂಮನ್ನು ಅದು ಕುಯ್ ಎಂದು ಕೂಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಆ ದನಿಯನ್ನು ಅಳತೆಗೋಲು ಮಾಡಿಕೊಂಡು ಉಳಿದವರು ತಗ್ಗಬೇಕು. ಸ್ನೇರ್ (ಮುಂದಿನ ಚಿಕ್ಕ ಡ್ರಮ್) ಮೇಲೆ ಮೂರನೇ ಒಂದು ಭಾಗ ಮುಚ್ಚುವ ಹಾಗೆ ಟವೆಲ್, ಬೇಸ್ ಡ್ರಮ್ ಒಳಗೆ ಹಳೆಯ ದಿಂಬು, ಕೋಲಿನ ಬದಲು ತೆಳು ಕಡ್ಡಿಗಳ ಕಟ್ಟು. ಗಿಟಾರ್ ಆಂಪ್ ನೆಲದ ಮೇಲೆ ಬೇಡ. ಕುರ್ಚಿ ಮೇಲಿಟ್ಟು ನುಡಿಸುವವರ ಕಿವಿಗೆ ತಿರುಗಿಸಿ. ತೀಕ್ಷ್ಣ ದನಿ ಸ್ಪೀಕರಿನಿಂದ ನೇರ ಹೋಗುತ್ತದೆ, ಮಂಡಿಗೆ ಹೊಡೆಯುವ ಆಂಪ್ ಕಿವಿಗೆ ಕೇಳದು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸ ಬಿಡಿಸಿ. ಹಿಂದಿನಿಂದ ಬರುವ ಶಬ್ದವನ್ನು ತಡೆಯುವ ರಂಧ್ರಗಳು ಅಲ್ಲಿವೆ. ಮುಚ್ಚಿದರೆ ಮೈಕ್ ಎಲ್ಲ ಕಡೆಯಿಂದ ಎಳೆದುಕೊಂಡು ಕುಯ್ ಎನ್ನುತ್ತದೆ.

ಕೊನೆಯ ಹತ್ತು ನಿಮಿಷ ಒಂದೇ ಒಂದು ಹಾಡನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತೇವೆ. ಫೋನ್ ಡ್ರಮ್ಸ್‌ನಿಂದ ಆಚೆ ಗೋಡೆಯ ಕಡೆ, ಎದೆಯ ಎತ್ತರದಲ್ಲಿ. ಕೇಳಿ ಪ್ರತಿಯೊಬ್ಬರೂ ಸ್ವಂತ ತಪ್ಪನ್ನು ಮಾತ್ರ ಗ್ರೂಪಿನಲ್ಲಿ ಬರೆಯಬೇಕು, ಬೇರೆಯವರದ್ದನ್ನಲ್ಲ. ಈ ಕಟ್ಟುಪಾಡು ಉಳಿಸಿದಷ್ಟು ಸ್ನೇಹವನ್ನು ಬೇರೆ ಯಾವುದೂ ಉಳಿಸಿಲ್ಲ.

ಫೆಸ್ಟ್‌ನಲ್ಲಿ 15 ನಿಮಿಷ ಕೊಟ್ಟರೆ ಮೂರು ಹಾಡು, ನಾಲ್ಕಲ್ಲ. ಹಾಡಿಗೆ ನಾಲ್ಕು ನಿಮಿಷದಂತೆ ಹನ್ನೆರಡು ಹೋಗಿ ಉಳಿದ ಮೂರು ನಿಮಿಷ ವಾದ್ಯ ಜೋಡಿಸುವುದಕ್ಕೆ ಬೇಕು. ಸೌಂಡ್ ಸಿಸ್ಟಮ್‌ನವರ ಕೈಗೆ ಒಂದು ಚೀಟಿ: ಎಷ್ಟು ಮೈಕ್, ಯಾವುದು ಲೈನ್ (ಮೈಕ್ ಇಲ್ಲದೆ ಕೇಬಲ್‌ನಲ್ಲಿ ನೇರ ಮಿಕ್ಸರಿಗೆ), ಯಾರು ಎಲ್ಲಿ ನಿಲ್ಲುತ್ತಾರೆ. ಚೀಲದಲ್ಲಿ ಒಂದು ಹೆಚ್ಚುವರಿ ಜ್ಯಾಕ್ ಕೇಬಲ್, ಗಿಟಾರಿನ ಮೊದಲ ತಂತಿ ಎರಡು, 9 ವೋಲ್ಟ್ ಬ್ಯಾಟರಿ ಎರಡು, ಗಿಟಾರಿಗೆ ಕಚ್ಚಿಸುವ ಟ್ಯೂನರ್. ಅದು ಕಂಪನ ಹಿಡಿಯುವುದರಿಂದ ಗದ್ದಲದಲ್ಲೂ ಕೆಲಸ ಮಾಡುತ್ತದೆ. ಕೀಬೋರ್ಡಿಗೆ ಬೇರೆಯವರ ಅಡಾಪ್ಟರ್ ಚುಚ್ಚಬೇಡಿ. ಪಿನ್ ಹೊಂದಿದರೂ ವೋಲ್ಟ್ ಬೇರೆ ಇರಬಹುದು, ಪ್ಲಸ್ ಮೈನಸ್ ಒಂದು ಕಂಪನಿಯದು ಇನ್ನೊಂದಕ್ಕೆ ತಲೆಕೆಳಗಾಗಿರಬಹುದು, ಬೋರ್ಡ್ ಸುಟ್ಟುಹೋಗಬಹುದು.

ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ತಕ್ಷಣ ನಿಲ್ಲಿಸಿ. ಆಂಪಿಗೋ ಮೈಕಿನ ಸೌಂಡ್ ಸಿಸ್ಟಮ್‌ಗೋ ಅರ್ತಿಂಗ್ ಸರಿಯಿಲ್ಲ ಅಂತ ಅರ್ಥ. ಎಕ್ಸ್‌ಟೆನ್ಷನ್ ಬಾಕ್ಸ್ ಎರಡು ಪಿನ್ನಿನದಿರುತ್ತದೆ, ಇಲ್ಲವೇ ಸಾಕೆಟ್‌ಗೆ ಹೊಂದಲೆಂದು ಯಾರೋ ಮೂರನೇ ಪಿನ್ ಮುರಿದಿರುತ್ತಾರೆ. ನುಡಿಸುವ ಮೊದಲು ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಟೆಸ್ಟರ್ ಮುಟ್ಟಿಸಿ ನೋಡಿ; ಬೆಳಗಿದರೆ ನುಡಿಸಬೇಡಿ, ಯಾರು ಏನೇ ಅನ್ನಲಿ. ಮಳೆ ಬಿದ್ದ ಗಣಪತಿ ಪೆಂಡಾಲಿನಲ್ಲಿ ಇದು ಜೀವದ ಪ್ರಶ್ನೆ. ಪೆಂಡಾಲಿನ ಕಾರ್ಯಕ್ರಮವಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮವಿದೆ, ಭಾಷಣಗಳು ಎಳೆದರೆ ಕಡಿತವಾಗುವುದು ನಿಮ್ಮ ಹೊತ್ತು. ಮುಖ್ಯವಾದ ಹಾಡನ್ನು ಮೊದಲೇ ಇಟ್ಟುಕೊಳ್ಳಿ.

ದುಡ್ಡಿನ ಮಾತು ಚಿಕ್ಕದು, ಆದರೆ ಬರೆದಿರಬೇಕು. ಜ್ಯಾಮ್ ರೂಮ್ ಗಂಟೆಗೆ 400 ರೂಪಾಯಿ ಅಂದುಕೊಂಡರೆ ತಿಂಗಳಿಗೆ ಎಂಟು ಗಂಟೆಗೆ 3,200, ತಲಾ 640. ಬಾರದವರೂ ಕೊಡಬೇಕು, ಇಲ್ಲದಿದ್ದರೆ ಬಂದವರಿಗೆ ಶಿಕ್ಷೆಯಾಗುತ್ತದೆ. ವಾದ್ಯ ಅವರವರದ್ದು, ಕೇಬಲ್, ಸ್ಟ್ಯಾಂಡ್, ಮಿಕ್ಸರ್ ಎಲ್ಲರದ್ದು. ಅವುಗಳ ಬೆಲೆ ಮತ್ತು ಕೊಂಡ ತಾರೀಖು ಪುಸ್ತಕದ ಕೊನೆಯ ಪುಟದಲ್ಲಿ. ಬಿಟ್ಟುಹೋಗುವವರಿಗೆ ಕೊಂಡ ಬೆಲೆಯಲ್ಲಿ ವರ್ಷಕ್ಕೆ ಕಾಲು ಭಾಗ ಕಳೆದು ಪಾಲು: 6,000ದ ಮಿಕ್ಸರ್ ಎರಡು ವರ್ಷದ ಮೇಲೆ 3,000, ಐವರಲ್ಲಿ ಒಬ್ಬರ ಪಾಲು 600. ಬಹುಮಾನದ ಹಣ ಹೇಗೆ ಹಂಚುವುದು ಅನ್ನುವುದನ್ನು ಸ್ಪರ್ಧೆಗೆ ಹೆಸರು ಕೊಡುವ ದಿನವೇ ತೀರ್ಮಾನಿಸಿ.

ಫೈನಲ್ ಇಯರ್‌ನವರು ಪ್ಲೇಸ್‌ಮೆಂಟ್ ಶುರುವಾದ ಮೇಲೆ ಬರುವುದಿಲ್ಲ, ಬರಲಾಗುವುದೂ ಇಲ್ಲ. ಅದಕ್ಕೇ ಆರನೇ ಸೆಮಿಸ್ಟರ್‌ನಲ್ಲಿಯೇ ಎರಡನೇ ವರ್ಷದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ. ಮೊದಲ ಪ್ರಾಕ್ಟೀಸ್‌ನಲ್ಲಿ ಪುಟ ನೋಡುತ್ತ ಕೇಳುವುದಷ್ಟೇ, ಎರಡನೆಯದರಲ್ಲಿ ಒಂದು ಹಾಡು, ಮೂರನೆಯದರಲ್ಲಿ ಅಣ್ಣನೋ ಅಕ್ಕನೋ ಎದ್ದು ಹೊರಗೆ ನಿಂತು ಕೇಳುತ್ತಾರೆ. ಆಮೇಲೆ ಪುಸ್ತಕ ತೆಗೆದು ಹೊಸ ದನಿಗೆ ಯಾವ ಶ್ರುತಿ ಹೊಂದುತ್ತದೆ ಅಂತ ನಾಲ್ಕೂ ಹಾಡಿಗೆ ನೋಡಿ, ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ.