ಕೊರ್ಫು ದ್ವೀಪದಲ್ಲಿ ಬೋಟ್ ಬಾಡಿಗೆಗೆ ತಗೊಂಡು ನಾವೇ ಓಡಿಸಿದ್ದು: ನನ್ನ ಅನುಭವ

ಗ್ರೀಸ್ ದೇಶದ ಕೊರ್ಫು ದ್ವೀಪಕ್ಕೆ ಹೋಗಿ ಬಂದ ಮೇಲೆ ದಾವಣಗೆರೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ. "ಲೈಸೆನ್ಸ್ ಇಲ್ದಂಗೆ ನಿಮ್ಮ ಕೈಗೆ ಬೋಟ್ ಹೆಂಗೆ ಕೊಟ್ರು ರೀ?" ಕೊಡ್ತಾರೆ. ಗ್ರೀಸ್‌ನಲ್ಲಿ 30 ಎಚ್‌ಪಿವರೆಗಿನ ಎಂಜಿನ್ ಇರುವ ಸಣ್ಣ ಬೋಟಿಗೆ ಲೈಸೆನ್ಸ್ ಬೇಡ, 18 ವರ್ಷ ತುಂಬಿರಬೇಕು. ಎಲ್ಲ ದೇಶದಲ್ಲೂ ಹೀಗಿಲ್ಲ. ಸ್ಪೇನ್‌ನಲ್ಲಿ ಲೈಸೆನ್ಸ್ ಇಲ್ಲದವರಿಗೆ 15 ಎಚ್‌ಪಿ ಮಿತಿ, ಬೋಟಿನ ಉದ್ದವೂ 5 ಮೀಟರ್ ದಾಟಬಾರದು. ಕ್ರೊಯೇಷಿಯಾದಲ್ಲಿ ಸಣ್ಣ ಬೋಟಿಗೂ ಲೈಸೆನ್ಸ್ ಕೇಳುತ್ತಾರೆ. ಹಾಗಾಗಿ ಟಿಕೆಟ್ ಬುಕ್ ಮಾಡೋ ಮೊದಲೇ ಯಾವ ದೇಶದಲ್ಲಿ ಏನು ನಿಯಮ ಅಂತ ನೋಡಿಕೊಳ್ಳಿ.

ನಮ್ಮ ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ಬೋಟ್ ಹತ್ತಿದರೆ ಓಡಿಸುವವರು ಬೋಟಿನವರೇ. ನಾವು ಜಾಕೆಟ್ ಹಾಕಿಕೊಂಡು ಕೂತುಕೊಳ್ಳೋದು. ಬಯಲುಸೀಮೆಯವರಾದ ನಮಗೆ ಸಮುದ್ರ ಅಂದ್ರೆ ಅಷ್ಟೇ, ಅಲ್ವಾ? ಇದನ್ನು ಬರೆಯೋದಕ್ಕೆ ಕಾರಣವೂ ಅದೇ. ನಾನು ಪಂಪ್‌ಸೆಟ್ ಮತ್ತು ಬೈಕ್ ರಿಪೇರಿ ಮಾಡುವವನು, ಎಂಜಿನ್ ಹೊಸದಲ್ಲ, ಆದರೆ ಸಮುದ್ರ ಪೂರಾ ಹೊಸದು. ಸರಿಯಾಗಿ ತಯಾರಾದರೆ ನಮ್ಮಂಥವರೂ ಧೈರ್ಯವಾಗಿ ಮಾಡಬಹುದು ಅಂತ ಈಗ ನನಗೆ ಖಾತ್ರಿಯಿದೆ.

ಅಕ್ಕ, ಭಾವ ಜರ್ಮನಿಯಲ್ಲಿದ್ದಾರೆ. ಅಲ್ಲಿಂದ ಕೊರ್ಫುಗೆ ನೇರ ವಿಮಾನ ಇದೆ. ನಾನು, ಹೆಂಡತಿ, ಮಗ ಅವರ ಜೊತೆ ಸೇರಿಕೊಂಡೆವು. ಸೆಪ್ಟೆಂಬರ್ ಆಗಿತ್ತು. ಬಿಸಿಲು ಹದವಾಗಿತ್ತು, ನೀರು ಇನ್ನೂ ಬೆಚ್ಚಗಿತ್ತು.

ಊರಲ್ಲೇ ಮಾಡಿಕೊಂಡ ತಯಾರಿ ಬಗ್ಗೆ ಮೊದಲು ಹೇಳ್ತೀನಿ. ಒಂದು ಗಟ್ಟಿ ನೈಲಾನ್ ಹಗ್ಗ ತಂದು, ಟೆರೇಸ್ ಮೇಲೆ ಬಟ್ಟೆ ಒಣಗಿಸುವ ಕಂಬಕ್ಕೆ ಗಂಟು ಹಾಕೋದು ಅಭ್ಯಾಸ ಮಾಡಿದೆವು, ನಾನೂ ಮಗನೂ. ಕಂಬಕ್ಕೆ ಎರಡು ಸುತ್ತು ಸುತ್ತಿ, ಅದೇ ಹಗ್ಗದ ಮೇಲೆ ಎರಡು ಕುಣಿಕೆ. ಬೋಟಿನ ಅಂಚಿನಲ್ಲಿ ಎರಡು ಕೊಂಬಿನ ಲೋಹದ ಹಿಡಿ ಇರುತ್ತೆ, ಅದಕ್ಕೆ ಕ್ಲೀಟ್ ಅಂತಾರೆ. ಅದಕ್ಕೆ ಮೊದಲು ಬುಡಕ್ಕೆ ಒಂದು ಸುತ್ತು, ಆಮೇಲೆ ಅಡ್ಡಡ್ಡ ಎಂಟರ ಅಂಕಿ ಥರ ಸುತ್ತಿ, ಕೊನೆಯ ಸುತ್ತನ್ನು ತಿರುಚಿ ಬಿಗಿಯಬೇಕು. ಕ್ಲೀಟ್ ಬದಲು ಒಂದು ಹಲಗೆಗೆ ಎರಡು ಮೊಳೆ ಹೊಡೆದು ಅದರ ಮೇಲೆ ಕಲಿತೆವು. ಈ ಎರಡು ಗಂಟು ಸಾಕು. ಇಡೀ ದಿನ ಬೇರೆ ಗಂಟೇ ಬೇಕಾಗಲಿಲ್ಲ. ಜೆಟ್ಟಿಗೆ, ಅಂದ್ರೆ ಬೋಟ್ ಕಟ್ಟೋಕೆ ದಡದಿಂದ ನೀರಿನೊಳಕ್ಕೆ ಚಾಚಿದ ಕಟ್ಟೆಗೆ, ಬೋಟ್ ಹತ್ತಿರ ಬಂದಾಗ ಯೋಚನೆ ಮಾಡ್ತಾ ನಿಲ್ಲೋಕೆ ಪುರುಸೊತ್ತು ಇರಲ್ಲ, ಕೈ ತಾನಾಗೇ ಮಾಡಬೇಕು.

ಇನ್ನೊಂದು, ಗಾಳಿ. ಬೇಸಿಗೆಯಲ್ಲಿ ಕೊರ್ಫುವಿನಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಸಮುದ್ರ ಶಾಂತವಾಗಿರುತ್ತೆ, ಮಧ್ಯಾಹ್ನದ ಮೇಲೆ ವಾಯವ್ಯದ ಕಡೆಯಿಂದ ಗಾಳಿ ಏಳುತ್ತೆ. ಅಲ್ಲಿಯವರು ಇದಕ್ಕೆ ಮಾಯಿಸ್ತ್ರೊ ಅಂತಾರೆ. ಗಾಳಿಯ ಬಲವನ್ನು ಬೋಫೋರ್ಟ್ ಲೆಕ್ಕದಲ್ಲಿ ಹೇಳ್ತಾರೆ. 3 ಅಂದ್ರೆ ಗಂಟೆಗೆ 12ರಿಂದ 19 ಕಿಲೋಮೀಟರ್, 4 ಅಂದ್ರೆ 20ರಿಂದ 28. ನಾಲ್ಕಕ್ಕೆ ಬಂತು ಅಂದ್ರೆ ಸಾಕಷ್ಟು ಕಡೆ ಬಿಳಿ ನೊರೆ ಕಾಣುತ್ತೆ, ಹೊಸಬರಿಗೆ ಸಣ್ಣ ಬೋಟಿನಲ್ಲಿ ಅದು ಹಿತವಲ್ಲ. ನಾವು ಬೋಟಿಗೆ ಅಂತ ಒಂದೇ ದಿನ ಗಟ್ಟಿ ಮಾಡಿಕೊಳ್ಳಲಿಲ್ಲ. ಅಲ್ಲಿಗೆ ಹೋದ ಮೇಲೆ ದಿನಾ ಗಾಳಿಯ ಮುನ್ಸೂಚನೆ ನೋಡಿ, ಸಂಜೆವರೆಗೂ ಮೂರು ದಾಟದ ದಿನ ಆರಿಸಿಕೊಂಡೆವು. ರಜೆಯ ಕೊನೇ ದಿನಕ್ಕೆ ಬೋಟ್ ಇಟ್ಟುಕೊಳ್ಳಬೇಡಿ. ಗಾಳಿ ಎದ್ದರೆ ಆ ಆಸೆಯನ್ನೇ ಬಿಡಬೇಕಾಗುತ್ತೆ, ಇಲ್ಲಾಂದ್ರೆ ಹೋಗಲೇಬೇಕು ಅನ್ನೋ ಹಟ ಬರುತ್ತೆ. ಆ ಹಟ ಒಳ್ಳೆಯದಲ್ಲ.

ನಾವು ಬೋಟ್ ತಗೊಂಡಿದ್ದು ದ್ವೀಪದ ಈಶಾನ್ಯ ಕರಾವಳಿಯ ನಿಸ್ಸಾಕಿ ಎಂಬ ಊರಿನಲ್ಲಿ. ಅಲ್ಲಿಂದ ಉತ್ತರಕ್ಕೆ ಕಮಿನಾಕಿ, ಅಗ್ನಿ, ಕಲಾಮಿ, ಕೂಲೂರಾ, ಕೆರಾಸ್ಯ, ಅಗಿಯೋಸ್ ಸ್ತೆಫಾನೋಸ್ ಅಂತ ಒಂದರ ಹಿಂದೆ ಒಂದು ಪುಟ್ಟ ಕೊಲ್ಲಿಗಳು. ಬೆನ್ನಿಗೆ ಪಾಂಟೋಕ್ರಾಟೋರ್ ಬೆಟ್ಟ. ಎದುರಿಗೆ ಕೆಲವೇ ಕಿಲೋಮೀಟರ್ ಆಚೆ ಅಲ್ಬೇನಿಯಾ ದೇಶ. ಹೊಸಬರಿಗೆ ಈ ಕಡೆ ಒಳ್ಳೆಯದು ಅಂತ ನನಗೆ ಅನ್ನಿಸಿದ್ದು ಇದಕ್ಕೇ: ಬೆಟ್ಟ ಗಾಳಿಗೆ ಅಡ್ಡ ನಿಲ್ಲುತ್ತೆ, ಏನಾದರೂ ಆದರೆ ಹೊಕ್ಕಲು ಹತ್ತಿರದಲ್ಲೇ ಒಂದು ಕೊಲ್ಲಿ ಇರುತ್ತೆ.

ಬೋಟಿನವರು ಬೆಳಗ್ಗೆ ಎಲ್ಲ ತೋರಿಸಿಕೊಡ್ತಾರೆ. ಸುಮ್ನೆ ತಲೆ ಆಡಿಸಬೇಡಿ, ಪ್ರತಿಯೊಂದನ್ನೂ ಅವರ ಮುಂದೆಯೇ ನೀವು ಒಂದು ಸಲ ಮಾಡಿ ತೋರಿಸಿ. ನಾನು ಎಂಜಿನ್ ಸ್ಟಾರ್ಟ್ ಮಾಡಿ, ಮುಂದೆ, ನ್ಯೂಟ್ರಲ್, ರಿವರ್ಸ್ ಹಾಕಿ, ಮತ್ತೆ ಆಫ್ ಮಾಡಿದೆ. ಎಂಜಿನ್ ಹಿಂದಿನಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಸಮುದ್ರದ ನೀರನ್ನೇ ಎಳೆದುಕೊಂಡು ಎಂಜಿನ್ ತಣ್ಣಗಾಗೋದು, ಒಳಗೆ ಆ ನೀರನ್ನು ತಳ್ಳುವ ರಬ್ಬರಿನ ಸಣ್ಣ ಚಕ್ರ, ಇಂಪೆಲ್ಲರ್, ಇರುತ್ತೆ. ಧಾರೆ ನಿಂತರೆ ಎಂಜಿನ್ ಆಫ್ ಮಾಡಿ ಅವರಿಗೆ ಫೋನ್ ಮಾಡಬೇಕು. ಎಂಜಿನ್ನನ್ನು ನೀರಿನಿಂದ ಮೇಲೆತ್ತಿ ಓಡಿಸಿದರೆ ಆ ಇಂಪೆಲ್ಲರ್ ಸುಟ್ಟು ಹೋಗುತ್ತೆ. ಆಮೇಲೆ ಕೆಂಪು ಸುರುಳಿ ವೈರ್. ಅದರ ಒಂದು ತುದಿ ಸ್ವಿಚ್‌ಗೆ, ಇನ್ನೊಂದು ಓಡಿಸುವವರ ಮೈಗೆ. ಓಡಿಸುವವರು ನೀರಿಗೆ ಬಿದ್ದರೆ ವೈರ್ ಕಿತ್ತು ಎಂಜಿನ್ ನಿಲ್ಲುತ್ತೆ. ಇದನ್ನು ಸ್ಟೇರಿಂಗ್‌ಗೆ ನೇತುಹಾಕಿ ಓಡಿಸುವವರನ್ನು ಅಲ್ಲೇ ನೋಡಿದೆ, ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು. ಮೈಗೆ ಹಾಕಿಕೊಳ್ಳದಿದ್ದರೆ ಆ ವೈರ್ ಇದ್ದೂ ಪ್ರಯೋಜನ ಇಲ್ಲ. ಬೋಟ್ ತಿರುಗುತ್ತಲೇ ಇರುತ್ತೆ, ಬಿದ್ದವರ ಮೇಲೇ ಬರಬಹುದು.

ಲೈಫ್ ಜಾಕೆಟ್ ಎಲ್ಲರ ಅಳತೆಗೂ ಇದೆಯಾ ನೋಡಿ. ನನ್ನ ಹೆಂಡತಿಗೆ ಈಜು ಬರಲ್ಲ, ಮಗ ಇನ್ನೂ ಕಲಿಯುತ್ತಿದ್ದಾನೆ, ಇಬ್ಬರೂ ಬೋಟಿನಲ್ಲಿ ಇರುವಷ್ಟು ಹೊತ್ತೂ ಹಾಕಿಕೊಂಡೇ ಇದ್ದರು. ಹೊರಡುವ ಮೊದಲು ಬೋಟಿನ ಸುತ್ತಲೂ, ಪ್ರೊಪೆಲ್ಲರ್ ಮೂರು ಎಲೆಗಳೂ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಕಲ್ಲಿಗೆ ತಾಗಿ ಪ್ರೊಪೆಲ್ಲರ್ ಮುಕ್ಕಾದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬರಲ್ಲ, ಬಾಡಿಗೆಗೆ ತಗೊಂಡವರೇ ಕೊಡಬೇಕು. ಎಲ್ಲಿವರೆಗೆ ಹೋಗಬಹುದು ಅಂತ ನಕ್ಷೆಯಲ್ಲಿ ಗುರುತು ಮಾಡಿ ಕೊಡ್ತಾರೆ. ಅಲ್ಬೇನಿಯಾ ಕಡೆ ಹೋಗುವ ಹಾಗಿಲ್ಲ, ಅದು ಬೇರೆ ದೇಶದ ಗಡಿ. ಅಂದಹಾಗೆ ಅಲ್ಲಿ ಫೋನ್ ತಾನಾಗೇ ಅಲ್ಬೇನಿಯಾದ ನೆಟ್‌ವರ್ಕ್ ಹಿಡಿಯುತ್ತೆ, ಅದು ಯುರೋಪಿಯನ್ ಯೂನಿಯನ್ ಒಳಗಿಲ್ಲ, ರೋಮಿಂಗ್ ಬಿಲ್ ಜಾಸ್ತಿ ಬರಬಹುದು. ಗ್ರೀಸ್‌ನ ನೆಟ್‌ವರ್ಕನ್ನು ಕೈಯಾರೆ ಆರಿಸಿಡಿ. ತುರ್ತಿಗೆ 112, ಗ್ರೀಸ್ ಕರಾವಳಿ ಕಾವಲಿನವರ ನಂಬರ್ 108.

ಓಡಿಸೋದು ಕಷ್ಟವಲ್ಲ. ಒಂದು ಚಕ್ರ, ಪಕ್ಕದಲ್ಲಿ ಒಂದು ಲಿವರ್. ನಿಜವಾದ ಕೆಲಸ ಇರುವುದು ನಿಲ್ಲಿಸುವುದರಲ್ಲಿ. ಬೋಟಿಗೆ ಬ್ರೇಕ್ ಇಲ್ಲ. ರೇಸ್ ಕಡಿಮೆ ಮಾಡಿದ ಮೇಲೂ ಜಾರಿಕೊಂಡು ಹೋಗ್ತಾ ಇರುತ್ತೆ. ಎಂಜಿನ್ ತಳ್ಳದಿದ್ದರೆ ಚಕ್ರ ಎಷ್ಟು ತಿರುಗಿಸಿದರೂ ಸರಿಯಾಗಿ ತಿರುಗಲ್ಲ. ಇನ್ನೊಂದು ವಿಷಯ, ಬೋಟ್ ತಿರುಗುವಾಗ ಮೂತಿ ಒಂದು ಕಡೆ ಹೋದರೆ ಬಾಲ ಇನ್ನೊಂದು ಕಡೆ ಬೀಸುತ್ತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೆಎಸ್‌ಆರ್‌ಟಿಸಿ ಬಸ್ ತಿರುಗಿಸುವಾಗ ಹಿಂಭಾಗ ಹೊರಕ್ಕೆ ಬೀಸುತ್ತಲ್ಲ, ಹಾಗೆ, ಅದಕ್ಕಿಂತ ಜಾಸ್ತಿ. ಹಾಗಾಗಿ ಕೊಲ್ಲಿಯಿಂದ ಹೊರಬಂದ ತಕ್ಷಣ, ಸುತ್ತ ಯಾರೂ ಇಲ್ಲದ ಕಡೆ, ಒಂದಷ್ಟು ಹೊತ್ತು ಬರೀ ನಿಲ್ಲಿಸೋದನ್ನೇ ಅಭ್ಯಾಸ ಮಾಡಿದೆ. ಒಂದು ಟೊಪ್ಪಿಯಷ್ಟು ಅಗಲದ ನೊರೆಯನ್ನು ಗುರಿ ಇಟ್ಟುಕೊಂಡು ಅದರ ಪಕ್ಕ ನಿಲ್ಲಿಸಲು ನೋಡೋದು. "ಲೋ, ಇಲ್ಲೇ ಸುತ್ತಾಡ್ತೀಯಾ, ಮುಂದೆ ಹೋಗ್ತೀಯಾ?" ಅಂತ ಅಕ್ಕ ಕೇಳಿದಳು. ಆ ಹೊತ್ತು ಆಮೇಲೆ ಪೂರ್ತಿ ಉಪಯೋಗಕ್ಕೆ ಬಂತು.

ಬೆಳಗ್ಗೆಯೇ ಉತ್ತರದ ತುದಿಗೆ ಹೋಗಿ ಬಿಟ್ಟೆವು, ಸೇಂಟ್ ಸ್ಟೀಫನ್ ಹೆಸರಿನ ಅಗಿಯೋಸ್ ಸ್ತೆಫಾನೋಸ್‌ವರೆಗೆ. ಮಧ್ಯಾಹ್ನ ಗಾಳಿ ಎದ್ದರೆ ವಾಪಸ್ ಬರುವಾಗ ಅದು ಬೆನ್ನಿಗೆ ಇರಲಿ ಅಂತ. ದಣಿದ ಮೇಲೆ ಎದುರುಗಾಳಿಯಲ್ಲಿ ಅಲೆ ಹೊಡೆಸಿಕೊಂಡು ಬರುವುದು ಯಾರಿಗೆ ಬೇಕು?

ಈಗ ಲಂಗರು. ಕೆರಾಸ್ಯ ಕೊಲ್ಲಿಯಲ್ಲಿ ಹಾಕಿದೆವು, ಬೆಣಚುಕಲ್ಲಿನ ದಡ, ತಳದವರೆಗೂ ಕಾಣುವ ತಿಳಿನೀರು. ಲಂಗರು ಬೋಟನ್ನು ಹಿಡಿಯೋದು ತನ್ನ ಭಾರದಿಂದ ಅಂತ ನಾವು ಅಂದುಕೊಂಡಿರ್ತೀವಿ, ಅದು ಪೂರ್ತಿ ನಿಜವಲ್ಲ. ಅದು ಮಲಗಿಕೊಂಡು ಮರಳಿಗೆ ಕೊಕ್ಕೆ ಹಾಕಬೇಕು. ಅದಕ್ಕೆ ಹಗ್ಗ ಓರೆಯಾಗಿ ಎಳೆಯಬೇಕು, ಓರೆಯಾಗಬೇಕಾದರೆ ಹಗ್ಗ ಉದ್ದ ಬಿಡಬೇಕು. 5 ಮೀಟರ್ ಆಳ ಇದ್ದರೆ 20ರಿಂದ 25 ಮೀಟರ್ ಹಗ್ಗ, ಅಂದ್ರೆ ಆಳದ ನಾಲ್ಕೈದು ಪಟ್ಟು. ಇಷ್ಟು ಹಗ್ಗ ಬಿಟ್ಟರೆ ಬೋಟ್ ಗಾಳಿಗೆ ಸುತ್ತ ತಿರುಗುತ್ತೆ, ಹಾಗಾಗಿ ಪಕ್ಕದ ಬೋಟುಗಳಿಂದ ಸಾಕಷ್ಟು ದೂರ ಇರಬೇಕು.

ಎಲ್ಲಿ ಹಾಕಬೇಕು ಅನ್ನೋದೂ ಮುಖ್ಯ. ನೀರಿನಲ್ಲಿ ತಿಳಿ ಬಣ್ಣ ಕಂಡರೆ ಮರಳು, ಕಪ್ಪಗೆ ಕಂಡರೆ ಹುಲ್ಲು ಅಥವಾ ಬಂಡೆ. ಆ ಹುಲ್ಲು ಪೊಸಿಡೋನಿಯಾ ಅನ್ನುವ ಸಮುದ್ರದ ಹುಲ್ಲು. ಮೀನುಗಳು ಮರಿ ಬೆಳೆಸೋದು ಅದರೊಳಗೆ, ಲಂಗರು ಎಳೆದರೆ ಬೇರು ಸಮೇತ ಕಿತ್ತು ಬರುತ್ತೆ, ಮತ್ತೆ ಬೆಳೆಯೋದು ಬಹಳ ನಿಧಾನ. ಅದರ ಮೇಲೆ ಲಂಗರು ಸರಿಯಾಗಿ ಕಚ್ಚುವುದೂ ಇಲ್ಲ. ದಯವಿಟ್ಟು ಮರಳು ಕಾಣುವ ಜಾಗ ಹುಡುಕಿ.

ಭಾವ ಮೂತಿಯಲ್ಲಿ ಲಂಗರು ಹಿಡಿದು ನಿಂತರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಲ್ಲ, ಆದ್ದರಿಂದ ಕೈಸನ್ನೆ ಮೊದಲೇ ಮಾತಾಡಿಕೊಂಡಿದ್ದೆವು. ಮೂತಿಯನ್ನು ಗಾಳಿಗೆ ಎದುರಾಗಿಸಿ ನಿಧಾನ ಹೋಗಿ ಮರಳಿನ ಮೇಲೆ ನ್ಯೂಟ್ರಲ್‌ಗೆ ಹಾಕಿದೆ. ಅವರು ಲಂಗರನ್ನು ಎಸೆಯಲಿಲ್ಲ, ಕೈಯಿಂದ ಕೈಗೆ ಹಗ್ಗ ಬಿಡ್ತಾ ತಳಕ್ಕೆ ಇಳಿಸಿದರು. ಎಸೆದರೆ ಹಗ್ಗದ ತುದಿಯ ಸರಪಳಿಯೇ ಲಂಗರಿಗೆ ಸುತ್ತಿಕೊಳ್ಳುತ್ತೆ. ಆಮೇಲೆ ಮೆಲ್ಲಗೆ ರಿವರ್ಸ್, ಹಗ್ಗ ಬಿಡ್ತಾ ಹೋಗೋದು, ಸಾಕು ಅನ್ನಿಸಿದಾಗ ಕ್ಲೀಟ್‌ಗೆ ಬಿಗಿದು, ಇನ್ನೊಂದು ಸಲ ರಿವರ್ಸ್ ಕೊಟ್ಟು ಎಳೆದು ನೋಡೋದು. ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ಆರಿಸಿಕೊಳ್ಳಿ. ನಮಗೆ ಒಂದು ಸೈಪ್ರೆಸ್ ಮರ, ಅದರ ಹಿಂದೆ ಒಂದು ಮನೆಯ ಕಿಟಕಿ. ಎರಡೂ ಒಂದೇ ಸಾಲಿನಲ್ಲಿ ಇದ್ದರೆ ಲಂಗರು ಹಿಡಿದಿದೆ. ಜರುಗುತ್ತಾ ಹೋದರೆ ಜಾರುತ್ತಿದೆ, ಎತ್ತಿ ಮತ್ತೆ ಹಾಕಬೇಕು. ನಾವು ಹತ್ತು ನಿಮಿಷ ಬೋಟಿನಲ್ಲೇ ಕೂತು ನೋಡಿದ ಮೇಲೆಯೇ ನೀರಿಗೆ ಇಳಿದಿದ್ದು. ಅಕ್ಕ ಬೆಳಗ್ಗೆ ಮಾಡಿದ್ದ ಚಪಾತಿ, ನಾವು ಊರಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಅಲ್ಲೇ ನಾಷ್ಟಾ. ಯಾರಾದರೂ ನೀರಿನಲ್ಲಿದ್ದರೆ ಎಂಜಿನ್ ಆಫ್, ಕೀ ನನ್ನ ಜೇಬಿನಲ್ಲಿ. ಈ ನಿಯಮಕ್ಕೆ ವಿನಾಯಿತಿ ಕೊಡಲಿಲ್ಲ.

ಊಟಕ್ಕೆ ಅಗ್ನಿ ಕೊಲ್ಲಿ. ಊಟದ ಹೋಟೆಲ್‌ಗಳ ಮುಂದೆಯೇ ಜೆಟ್ಟಿ, ಅವರ ಹುಡುಗರೇ ಬಂದು ಹಗ್ಗ ಹಿಡಿದುಕೊಳ್ತಾರೆ. ಆದರೂ ಹತ್ತಿರ ತರೋದು ನಾವೇ. ದೂರದಿಂದಲೇ ನಡಿಗೆಯ ವೇಗಕ್ಕೆ ಇಳಿಸಿ, ಪಕ್ಕಕ್ಕೆ ತೂಗುವ ಗಾಳಿ ತುಂಬಿದ ಫೆಂಡರ್‌ಗಳನ್ನು ಮೊದಲೇ ಹೊರಗೆ ಬಿಟ್ಟು, ಗಾಳಿಗೆ ಎದುರಾಗಿ ಬನ್ನಿ. ಗಾಳಿಯೇ ಬ್ರೇಕ್ ಆಗುತ್ತೆ. ಸ್ವಲ್ಪ ಗೇರ್, ನ್ಯೂಟ್ರಲ್, ಮತ್ತೆ ಸ್ವಲ್ಪ ಗೇರ್. ಕೊನೆಗೆ ಒಂದು ಚಿಟಿಕೆ ರಿವರ್ಸ್. ಸರಿ ಹೋಗ್ತಿಲ್ಲ ಅನ್ನಿಸಿದರೆ ಹಿಂದಕ್ಕೆ ಹೋಗಿ ಮತ್ತೆ ಬರೋದರಲ್ಲಿ ನಾಚಿಕೆ ಏನೂ ಇಲ್ಲ, ಅಲ್ಲಿ ಎಲ್ಲರೂ ಮಾಡ್ತಾರೆ. ಬೋಟಿಗೂ ಜೆಟ್ಟಿಗೂ ನಡುವೆ ಕೈಕಾಲು ಮಾತ್ರ ಇಡಬೇಡಿ. "ಭಾವ, ಕಾಲಿಂದ ತಳ್ಳಬೇಡ್ರಿ, ಫೆಂಡರ್ ಇದೆ" ಅಂತ ನಾನು ಎರಡು ಸಲ ಕೂಗಿ ಹೇಳಿದೆ. ಬೋಟು ಹಗುರ ಕಂಡರೂ ಐದು ಜನ ಸೇರಿದ ತೂಕ ಕಾಲನ್ನು ಮುರಿಯುತ್ತೆ. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಟೊಮೇಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು ಸಿಗುತ್ತೆ, ಗಿಗಾಂತೆಸ್ ಅಂತಾರೆ. ಬದನೆಕಾಯಿ, ಆಲೂಗಡ್ಡೆ ಒಲೆಯಲ್ಲಿ ಬೇಯಿಸಿದ ಬ್ರಿಯಾಮ್ ಇರುತ್ತೆ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು.

ವಾಪಸ್ ಬರುವಾಗ ಗಾಳಿ ಎದ್ದಿತ್ತು, ಅಂದುಕೊಂಡ ಹಾಗೆ ಬೆನ್ನಿಗೇ ಇತ್ತು. ಕೊರ್ಫುವಿಗೂ ಅಲ್ಬೇನಿಯಾಕ್ಕೂ ನಡುವಿನ ಈ ಕಿರಿದಾದ ಸಮುದ್ರದಲ್ಲಿ ದೊಡ್ಡ ಫೆರಿಗಳು, ಅಲ್ಬೇನಿಯಾದ ಸರಂದಾ ಊರಿಗೆ ಓಡಾಡುವ ವೇಗದ ದೋಣಿಗಳು ಹೋಗುತ್ತಿರುತ್ತವೆ. ಹಡಗು ದೂರ ಹೋಗಿ ಎಷ್ಟೋ ಹೊತ್ತಾದ ಮೇಲೆ ಅದರ ಅಲೆ ನಮ್ಮ ಹತ್ತಿರ ಬರುತ್ತೆ. ಹಡಗು ಹೋಯ್ತಲ್ಲ ಅಂತ ಮರೆತಿರುವಾಗಲೇ. ಅಲೆ ಕಂಡ ಕೂಡಲೇ ರೇಸ್ ತಗ್ಗಿಸಿ, ಎಲ್ಲರೂ ಕೂತ್ಕೊಳ್ಳಿ ಅಂತ ಹೇಳಿ, ಮೂತಿಯನ್ನು ಅಲೆಯ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿಸಬೇಕು. ಪಕ್ಕಕ್ಕೆ ಹೊಡೆಸಿಕೊಂಡರೆ ಬೋಟ್ ಜೋರಾಗಿ ಹೊಯ್ದಾಡುತ್ತೆ.

ಈಜುವವರಿಗಾಗಿ ಬೋಯೆ, ಅಂದ್ರೆ ತೇಲುವ ಗುರುತು, ಕಟ್ಟಿದ ಜಾಗದೊಳಗೆ ಹೋಗುವ ಹಾಗಿಲ್ಲ. ಬೋಯೆ ಇಲ್ಲದ ಕಡೆಯೂ ನೀರಿನ ಮೇಲೆ ತಲೆ ಕಾಣುತ್ತಾ ಅಂತ ಒಬ್ಬರು ಮುಂದೆ ಕೂತು ನೋಡುತ್ತಲೇ ಇರಬೇಕು. ನಮ್ಮಲ್ಲಿ ಆ ಕೆಲಸ ಮಗನದು. "ಅಪ್ಪ, ಎಡಕ್ಕೆ ಒಬ್ರು" ಅಂತ ಸಂಜೆವರೆಗೂ ಹೇಳುತ್ತಲೇ ಇದ್ದ.

ದುಡ್ಡಿನ ವಿಷಯ. ಬಾಡಿಗೆ ಬೇರೆ, ಪೆಟ್ರೋಲ್ ಬೇರೆ. ಸಂಜೆ ಬೋಟ್ ಕೊಡುವಾಗ ಎಷ್ಟು ಸುಟ್ಟಿದೆಯೋ ಅಷ್ಟಕ್ಕೆ ಬಿಲ್. ಲಿವರ್ ಪೂರ್ತಿ ತಳ್ಳಿದರೆ ಸ್ವಲ್ಪವೇ ವೇಗ ಹೆಚ್ಚಿ ಪೆಟ್ರೋಲ್ ಸಿಕ್ಕಾಪಟ್ಟೆ ಹೋಗುತ್ತೆ, ಹಾಗಾಗಿ ಬೋಟ್ ನೀರಿನ ಮೇಲೆ ಹಾಯಾಗಿ ಎದ್ದು ಓಡುವ ಹದಕ್ಕೆ ಬಂದ ಕೂಡಲೇ ರೇಸ್ ತಗ್ಗಿಸಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಜನವೂ ಜಾಸ್ತಿ, ದರವೂ ಜಾಸ್ತಿ. ಮೇ ಕೊನೆ, ಜೂನ್, ಇಲ್ಲವೇ ಸೆಪ್ಟೆಂಬರ್ ನೋಡಿ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೆಂಗಳೂರಿಗೆ ಓಡಾಟ ಇದ್ದೇ ಇದೆ, ಅದನ್ನು ಕೆಲವು ತಿಂಗಳು ಮೊದಲೇ ಶುರು ಮಾಡಿ. ಬೋಟನ್ನು ಮಾತ್ರ ಅಲ್ಲಿಗೆ ಹೋದ ಮೇಲೆ, ಗಾಳಿ ನೋಡಿಕೊಂಡು, ಹಿಂದಿನ ದಿನ ಸಂಜೆ ಹೇಳಿದರೆ ಸೀಸನ್ನಿನ ಆಚೆ ಈಚೆ ಸಿಗುತ್ತೆ.