ಕೆಲಸಕ್ಕೂ ಗೇಮಿಗೂ ಒಂದೇ ಓಎಲ್‌ಇಡಿ ಮಾನಿಟರ್: ನನ್ನ ಅನುಭವ

ಕೆಲಸಕ್ಕೆ ಓಎಲ್‌ಇಡಿ (ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುವ ಪರದೆ) ಬೇಡವೇ ಬೇಡ, ವರ್ಷ ತುಂಬುವುದರೊಳಗೆ ಟಾಸ್ಕ್‌ಬಾರ್ ಪರದೆಯ ಮೇಲೆ ಅಚ್ಚಾಗಿ ಕೂರುತ್ತದೆ (ಅದೇ ಬರ್ನ್-ಇನ್) ಎಂದು ಹೇಳದವರಿರಲಿಲ್ಲ. ಒಂದೂವರೆ ವರ್ಷ ದಾಟಿತು. ದಿನಕ್ಕೆ ಎಂಟು ಗಂಟೆ ಕನ್ನಡ ಪುಟವಿನ್ಯಾಸ ಮತ್ತು ಎಕ್ಸೆಲ್, ರಾತ್ರಿ ಗೇಮ್, ಎಲ್ಲವೂ ಒಂದೇ 32 ಇಂಚಿನ 4ಕೆ ಕ್ಯೂಡಿ-ಓಎಲ್‌ಇಡಿ (ಸ್ಯಾಮ್‌ಸಂಗ್ ಮಾದರಿಯ ಓಎಲ್‌ಇಡಿ) ಮೇಲೆ. ಬೂದು, ಕೆಂಪು, ಹಸಿರು, ನೀಲಿ ಸ್ಲೈಡ್‌ಗಳನ್ನು ಕತ್ತಲಲ್ಲಿ ಪರದೆ ತುಂಬ ಹಾಕಿ ನೋಡಿದರೂ ಬರ್ನ್-ಇನ್ ಗುರುತಿಲ್ಲ.

ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು ಹರ್ಟ್ಸ್ ಅಲ್ಲ, ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು. 27 ಇಂಚಿನ 1440ಪಿ, 34 ಇಂಚಿನ ಅಲ್ಟ್ರಾವೈಡ್, ಎರಡರಲ್ಲೂ ಸುಮಾರು 110. ಗೇಮಿಗೆ ಭೇಷ್, ಕನ್ನಡಕ್ಕೆ ಸಾಲದು. ಈ ಕ್ಯೂಡಿ-ಓಎಲ್‌ಇಡಿಗಳಲ್ಲಿ ಉಪಪಿಕ್ಸೆಲ್‌ಗಳು (ಒಂದು ಪಿಕ್ಸೆಲ್ಲಿನೊಳಗಿನ ಮೂರು ಬಣ್ಣದ ಚುಕ್ಕಿಗಳು) ತ್ರಿಕೋನದಲ್ಲಿವೆ: ಹಸಿರು ಮೇಲೆ, ಕೆಂಪು-ನೀಲಿ ಕೆಳಗೆ. ಹಾಗಾಗಿ ಬಣ್ಣ ಸೋರುವುದು ಅಡ್ಡಗೆರೆಗಳ ಅಂಚಿನಲ್ಲಿ. ನಮ್ಮ ತಲೆಕಟ್ಟು ಎಂದರೆ ಅಡ್ಡಗೆರೆಯೇ. ಬಿಳಿ ಪುಟದ ಕಪ್ಪಕ್ಷರದಲ್ಲಿ ತಲೆಕಟ್ಟಿನ ಮೇಲಂಚು ಮಜೆಂಟಾ, ಕೆಳಂಚು ಹಸಿರು. ‘ಲಕ್ಷ್ಮಿ’, ‘ರಾಷ್ಟ್ರ’ದಂಥ ಪದಗಳನ್ನು 11 ಪಾಯಿಂಟಿನಲ್ಲಿ ಹಾಕಿದರೆ ಒತ್ತಿನ ಒಳಸಂದಿಗಳಲ್ಲೂ ಬಣ್ಣ ಕಲೆಸಿ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರ ನೋಡಿ ಬರೆದ ವಿಮರ್ಶೆಗಳನ್ನು ನೆಚ್ಚಿಕೊಂಡರೆ ಇದು ಗೊತ್ತೇ ಆಗುವುದಿಲ್ಲ.

ಇದಕ್ಕೂ ಮುಂಚೆ ನನ್ನಲ್ಲಿದ್ದ 34 ಇಂಚಿನದು ಹೋದದ್ದು ಇದೇ ಕಾರಣಕ್ಕೆ. ಕೊಂಡದ್ದು 85 ಸಾವಿರದ ಆಸುಪಾಸು, ಮಾರಿದ್ದು 55ಕ್ಕೆ. ಆಗ 32 ಇಂಚು ದಾಟಿದ ಮಾನಿಟರಿಗೆ ಜಿಎಸ್‌ಟಿ ಶೇ. 28 ಇತ್ತು, ಅದೂ ಸೇರಿಯೇ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಅಳತೆಗೂ ಶೇ. 18.

32 ಇಂಚಿನ 4ಕೆಯಲ್ಲಿ ಸುಮಾರು 140 ಪಿಕ್ಸೆಲ್. ಸ್ಕೇಲಿಂಗ್ ಶೇ. 150 ಇಟ್ಟರೆ ಆ ಬಣ್ಣದಂಚನ್ನು ಹುಡುಕಬೇಕಾಗುತ್ತದೆ. 2025ರಲ್ಲಿ ಬಂದ 27 ಇಂಚಿನ 4ಕೆ 240 ಹರ್ಟ್ಸ್‌ನವು 166. ಎರಡಡಿ ದೂರದಿಂದ ಕನ್ನಡ ಅಚ್ಚುಕಟ್ಟು. ಬರೀ ಅಕ್ಷರದ ಕೆಲಸದವರಿಗೆ ಈಗ ನಾನು ಹೇಳುವುದು ಅದನ್ನೇ.

32ರಲ್ಲಿ ಡೆಲ್ ಏಲಿಯನ್‌ವೇರ್ ಎಡಬ್ಲ್ಯೂ3225ಕ್ಯೂಎಫ್, ಎಂಎಸ್‌ಐ 321ಯುಆರ್‌ಎಕ್ಸ್, ಆಸುಸ್ ಪಿಜಿ32ಯುಸಿಡಿಎಂ, ಮೂರರದ್ದೂ ಸ್ಯಾಮ್‌ಸಂಗ್ ಡಿಸ್‌ಪ್ಲೇಯ ಪ್ಯಾನೆಲ್ಲೇ. ಡೆಲ್ ಬಾಗು ಪರದೆ, ಪುಟವಿನ್ಯಾಸದಲ್ಲಿ ನೇರಗೆರೆ ನೇರವಾಗಿ ಕಾಣದು. ಯುಎಸ್‌ಬಿ-ಸಿ ಮೂಲಕ ಲ್ಯಾಪ್‌ಟಾಪ್ ಜೋಡಿಸಲೂ ಆಗದು. ಎಂಎಸ್‌ಐ, ಆಸುಸ್ ಎರಡೂ ಯುಎಸ್‌ಬಿ-ಸಿಯಲ್ಲಿ 90 ವ್ಯಾಟ್ ಕೊಡುತ್ತವೆ. ಆಸುಸ್‌ಗೆ ಕೊಡಬೇಕಾದ ಹೆಚ್ಚಿನ ಇಪ್ಪತ್ತು ಸಾವಿರ ನನಗೆ ದಂಡ ಅನ್ನಿಸಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಂಎಸ್‌ಐ ಒಂದು ಲಕ್ಷದ ಆಚೀಚೆಗೆ ಸಿಕ್ಕಿತು.

ಅಕ್ಷರಕ್ಕೆ: ವಿಂಡೋಸ್‌ನಲ್ಲಿ ಅಕ್ಷರದಂಚು ತಿದ್ದುವ ತಂತ್ರಾಂಶವಾದ ಬೆಟರ್ ಕ್ಲಿಯರ್‌ಟೈಪ್ ಟ್ಯೂನರ್‌ನಲ್ಲಿ ಗ್ರೇಸ್ಕೇಲ್ (ಬಣ್ಣವಿಲ್ಲದ ಅಂಚು) ಆಯ್ದುಕೊಂಡು, ತೆರೆದಿರುವ ಆ್ಯಪ್‌ಗಳನ್ನೆಲ್ಲ ಮುಚ್ಚಿ ತೆರೆಯಿರಿ. ಕಾಂಟ್ರಾಸ್ಟ್ ಅಂಕಿ ಫಾಂಟಿನ ಮೇಲೆ ನಿಂತಿದೆ. ತುಂಗಾಕ್ಕೆ ಒಂದು, ನೋಟೋ ಸಾನ್ಸ್ ಕನ್ನಡಕ್ಕೆ ಇನ್ನೊಂದು. ನಾನು ಇಟ್ಟುಕೊಂಡಿರುವ ಅಂಕಿಗಳು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಾಸೆರಡು ತಾಸು ಕೂತರೆ ನಿಮ್ಮ ಕಣ್ಣಿಗೆ ಒಪ್ಪುವುದು ಸಿಗುತ್ತದೆ.

ಬರ್ನ್-ಇನ್ ತಡೆದದ್ದು ಹೀಗೆ. ಹಗಲು ಎಚ್‌ಡಿಆರ್ (ಹೆಚ್ಚು ಹೊಳಪಿನ ಚಿತ್ರವಿಧಾನ) ಆಫ್, ಬ್ರೈಟ್‌ನೆಸ್ 45ರ ಸುಮಾರು, ಅಂದರೆ ಅಂದಾಜು 120 ನಿಟ್ (ಹೊಳಪಿನ ಅಳತೆ). ಪೂರ್ತಿ ಏರಿಸಿದರೆ ಇಡೀ ಬಿಳಿ ಪರದೆಗೆ 250. ಸವೆತ ಏರುವುದು ಅಲ್ಲೇ. ಟಾಸ್ಕ್‌ಬಾರ್ ಆಟೋ-ಹೈಡ್, ವಾಲ್‌ಪೇಪರ್ ಅಪ್ಪಟ ಕಪ್ಪು, ಮೂರು ನಿಮಿಷ ಕೈ ಆಡದಿದ್ದರೆ ಡಿಸ್‌ಪ್ಲೇ ಆಫ್.

ಎಲ್ಲರೂ ಟಾಸ್ಕ್‌ಬಾರಿಗೆ ಹೆದರುತ್ತಾರೆ, ನಿಜವಾದ ಶತ್ರು ಮಧ್ಯದ ಗೆರೆ. ಎರಡು ವಿಂಡೋಗಳನ್ನು ಅರ್ಧರ್ಧಕ್ಕೆ ನಿಲ್ಲಿಸಿ, ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ ಇಟ್ಟು ತಿಂಗಳುಗಟ್ಟಲೆ ದುಡಿದರೆ ಎರಡು ಬದಿ ಬೇರೆ ಬೇರೆ ಸವೆದು, ಸೇರುವಲ್ಲಿ ಗೆರೆ ಮೂಡುತ್ತದೆ. ಮೈಕ್ರೋಸಾಫ್ಟ್‌ನ ತಂತ್ರಾಂಶ ಪವರ್‌ಟಾಯ್ಸ್‌ನ ಫ್ಯಾನ್ಸಿಜೋನ್ಸ್‌ನಲ್ಲಿ (ವಿಂಡೋಗಳನ್ನು ಪರದೆಯ ಪಾಲುಗಳಲ್ಲಿ ಕೂರಿಸುವ ಸೌಲಭ್ಯ) 45-55, 52-48, 60-40 ಎಂದು ಮೂರು ಲೇಔಟ್ ಮಾಡಿ ಒಂದೊಂದಕ್ಕೂ ನಂಬರ್ ಕೊಟ್ಟಿದ್ದೇನೆ. ವಿಂಡೋಸ್-ಕಂಟ್ರೋಲ್-ಆಲ್ಟ್ ಜೊತೆ ಆ ನಂಬರ್ ಒತ್ತಿದರೆ ಲೇಔಟ್ ಬದಲು. ದಿನಕ್ಕೊಂದು ಲೇಔಟ್, ವಾರಕ್ಕೊಮ್ಮೆ ಎಡದ ಆ್ಯಪ್ ಬಲಕ್ಕೆ.

ನಾಲ್ಕು ಗಂಟೆ ಬಳಸಿದ ಮೇಲೆ ಮಾನಿಟರ್ ಪಿಕ್ಸೆಲ್ ರಿಫ್ರೆಶ್ (ಪಿಕ್ಸೆಲ್‌ಗಳ ಸವೆತ ಸರಿದೂಗಿಸುವ ಕ್ರಿಯೆ) ಮಾಡಲೇ ಎಂದು ಕೇಳುತ್ತದೆ. ಮುಂದೂಡಬೇಡಿ. ಊಟಕ್ಕೆ ಏಳುವಾಗ ಸ್ಟ್ಯಾಂಡ್‌ಬೈಗೆ ಹಾಕಿದರೆ ಬರುವಷ್ಟರಲ್ಲಿ ಮುಗಿದಿರುತ್ತದೆ. ರಾತ್ರಿ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಇಲ್ಲಿ ನಡೆಯದು, ರಿಫ್ರೆಶ್ ಅರ್ಧಕ್ಕೇ ನಿಲ್ಲುತ್ತದೆ. ಕರೆಂಟ್ ಹೋದರೂ ಅದೇ ಗತಿ. 600 ವಿಎ ಯುಪಿಎಸ್‌ಗೆ ಮಾನಿಟರ್ ಸಿಕ್ಕಿಸಿದ್ದೇನೆ, ಧಾರಾಳ ಸಾಕು.

ಗೇಮಿಗೆ ವಿಂಡೋಸ್-ಆಲ್ಟ್-ಬಿ ಒತ್ತಿ ಎಚ್‌ಡಿಆರ್ ಆನ್. ಪೀಕ್ 1000 ಮೋಡ್ ಕತ್ತಲ ದೃಶ್ಯಗಳಿಗೆ ಮಾತ್ರ ಚೆನ್ನ. ಬಿಸಿಲು ತುಂಬಿದ ಬಯಲಿನಲ್ಲಿ ಪರದೆ ಮಂಕಾಗುತ್ತದೆ, ಅಲ್ಲಿ ಟ್ರೂ ಬ್ಲ್ಯಾಕ್ 400 ಮೇಲು. ವಿಆರ್‌ಆರ್ (ಗೇಮಿನ ಫ್ರೇಮ್ ರೇಟಿಗೆ ಪರದೆ ಹೊಂದಿಕೊಳ್ಳುವ ವ್ಯವಸ್ಥೆ) ಮಿಣುಕು ಕಂಡರೆ ಪ್ಯಾನೆಲ್ ಕೆಟ್ಟಿದೆ ಎಂದುಕೊಳ್ಳಬೇಡಿ, ಫ್ರೇಮ್ ರೇಟ್ ಏರಿಳಿದಾಗ ಗಾಮಾ, ಅಂದರೆ ನೆರಳು-ಬೆಳಕಿನ ಹದ, ಅಲುಗುತ್ತದೆ ಅಷ್ಟೆ. ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ಹೊರುವಷ್ಟಕ್ಕೆ, ನನ್ನಲ್ಲಿ 100ರ ಸುಮಾರಿಗೆ, ಫ್ರೇಮ್ ರೇಟಿಗೆ ಮಿತಿ ಹಾಕಿದರೆ ಆಟದೊಳಗೆ ಮಿಣುಕು ನಿಂತುಹೋಗುತ್ತದೆ. ಲೋಡಿಂಗ್ ಪರದೆಯಲ್ಲಿ ಉಳಿಯುತ್ತದೆ.

ನಡುವೆ ಬೆಳಕಿನ ಪ್ರಯೋಗವೊಂದನ್ನೂ ಮಾಡಿದೆ. ಕ್ಯೂಡಿ-ಓಎಲ್‌ಇಡಿಗೆ ಪೋಲರೈಸರ್ (ಹೊರಬೆಳಕಿನ ಪ್ರತಿಫಲನ ತಗ್ಗಿಸುವ ಪದರ) ಇಲ್ಲ, ಕೋಣೆಯ ಬೆಳಕು ಬಿದ್ದರೆ ಕಪ್ಪು ನೇರಳೆಗೆ ತಿರುಗುತ್ತದೆ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ಆರಿಸಿ, ಮಾನಿಟರಿನ ಹಿಂಭಾಗಕ್ಕೆ 6500 ಕೆಲ್ವಿನ್‌ನ ನಾನ್ನೂರು ರೂಪಾಯಿ ಎಲ್‌ಇಡಿ ಪಟ್ಟಿ ಅಂಟಿಸಿ ಗೋಡೆ ಬೆಳಗಿಸಿದೆ. ಕಪ್ಪು ಕಪ್ಪಾಯಿತು, ಕಣ್ಣಿನ ದಣಿವೂ ಇಳಿಯಿತು. ದೊಡ್ಡ ಕಿಟಕಿಯ ಎದುರು ಕೂರಲೇಬೇಕಾದವರು ಪೋಲರೈಸರ್ ಇರುವ ಎಲ್‌ಜಿಯ ಡಬ್ಲ್ಯೂಓಎಲ್‌ಇಡಿ ನೋಡಲಿ. ಒರೆಸುವಾಗಲೂ ಎಚ್ಚರ, ಕ್ಯೂಡಿ ಮೇಲ್ಪದರ ಮೆದು: ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲಷ್ಟೇ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ.

ದುಡ್ಡು ಕೊಡುವ ಮುನ್ನ ವಾರಂಟಿ ಕಾರ್ಡಿನಲ್ಲಿ ‘ಬರ್ನ್-ಇನ್’ ಎಂಬ ಪದ ಭಾರತದ ಮಾರಾಟಕ್ಕೂ ಬರಹದಲ್ಲಿ ಇದೆಯೇ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಹದಿನೈದು ಸಾವಿರ ಕಮ್ಮಿ ಎಂದು ಹೊರದೇಶದಿಂದ ತಂದದ್ದನ್ನು ಕೊಂಡರೆ ಆ ಉಳಿತಾಯ ಒಂದೇ ಒಂದು ರಿಪೇರಿಗೂ ಸಾಲದು.